ಕೊಳವೆ ಬಾವಿಯ ಸಾಲವೂ ಮನೆಯ ಕುಡಿಯುವ ನೀರೂ

ಬಂಗಾರಪೇಟೆ ತಾಲ್ಲೂಕಿನಲ್ಲಿಯೂ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕೆ.ಜಿ.ಎಫ್. ಸೀಮೆಯಲ್ಲಿಯೂ ಜಮೀನುಳ್ಳ ಸಂಸಾರಗಳಿಗೆ ಒದಗುತ್ತಿರುವ ಕಷ್ಟಗಳಲ್ಲಿ ಎರಡನ್ನು ಜನರು ಒಂದಕ್ಕೊಂದು ಸಂಬಂಧವಿಲ್ಲದವೆಂದು ತಿಳಿಯುವುದು ವಾಡಿಕೆಯಾಗಿದೆ. ಒಂದು, ತೀರದ ಸಾಲ. ಮತ್ತೊಂದು, ವಯಸ್ಸಿಗೆ ಮೊದಲೇ ಬರುವ ಕೀಲುನೋವು, ಬಗ್ಗದ ಬೆನ್ನು ಮತ್ತು ಮಕ್ಕಳ ಹಲ್ಲುಗಳ ಮೇಲಿನ ಕಂದು ಪಟ್ಟೆ. ಮೊದಲನೆಯದಕ್ಕೆ ಸಾಹುಕಾರನನ್ನೂ ಎರಡನೆಯದಕ್ಕೆ ವೈದ್ಯನನ್ನೂ ಹುಡುಕಿಕೊಂಡು ಹೋಗುತ್ತಾರೆ. ಆದರೆ ಅನೇಕ ಮನೆಗಳಲ್ಲಿ ಈ ಎರಡಕ್ಕೂ ಮೂಲವು ಹೊಲದ ಮೂಲೆಯಲ್ಲಿರುವ ಆರೂವರೆ ಅಂಗುಲದ ಒಂದೇ ರಂಧ್ರವೆಂಬುದನ್ನು ಗ್ರಾಮದ ಯಜಮಾನರೂ ಜಮೀನುದಾರರೂ ಆದ ತಮ್ಮ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಯ ಬೆಟ್ಟಗಳ ಕಡೆಯಿಂದ ಬರುವ ಪಾಲಾರು ಬೇತಮಂಗಲದ ಮೇಲೆ ಹಾದು ತಮಿಳುನಾಡಿನ ಕಡೆಗೆ ಸಾಗುವುದಾದರೂ ಅದರಲ್ಲಿ ನೀರು ಕಾಣುವ ದಿನಗಳು ಸ್ವಲ್ಪವೇ. ವರ್ಷಕ್ಕೆ ಬೀಳುವ ಮಳೆ ಸುಮಾರು ೭೦೦ ಮಿಲಿಮೀಟರು. ಅದರಲ್ಲಿಯೂ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಪಾಲೇ ಹೆಚ್ಚು. ಇದನ್ನು ಬಲ್ಲ ಹಿಂದಿನವರು ಹಳ್ಳಕ್ಕೊಂದು ಕಟ್ಟೆ, ಊರಿಗೊಂದು ಕೆರೆ, ಹೊಲಕ್ಕೊಂದು ಕುಂಟೆ ಎಂಬ ರೀತಿಯಲ್ಲಿ ನೀರನ್ನು ತಡೆದು, ನೀರಗಂಟಿಯ ಕೈಗೆ ತೂಬನ್ನು ಒಪ್ಪಿಸಿ ಬಾಳುತ್ತಿದ್ದರು. ಕೆರೆಗಳು ಹೂಳು ತುಂಬಿ, ರಾಜಕಾಲುವೆಗಳು ಒತ್ತುವರಿಯಾದ ತರುವಾಯ ಸೇದುವ ಬಾವಿಗಳು ಬತ್ತಿದವು. ಆಮೇಲೆ ಬೋರುಗಳು ಬಂದವು. ಮೊದಮೊದಲು ಇನ್ನೂರು ಮುನ್ನೂರು ಅಡಿಗಳಿಗೆ ಸಿಗುತ್ತಿದ್ದ ನೀರಿಗಾಗಿ ಈಗ ಸಾವಿರ ಅಡಿಯನ್ನು ದಾಟಿ ಕೊರೆಯಿಸುವುದು ಅಪರೂಪವೇನಲ್ಲ.

ಆಳಕ್ಕೆ ಹೋಗುವುದೆಂದರೆ ಏನೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಗೆತ್ತಿಕೊಂಡ ಕೋಲಾರದ ಚಿನ್ನದ ಗಣಿಯು ಕೊನೆಕೊನೆಗೆ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಗಣಿಯ ಕೆಲಸಕ್ಕಾಗಿಯೇ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿದರು. ಬೇತಮಂಗಲದ ಕೆರೆಯಿಂದ ನೀರನ್ನು ಸಾಗಿಸಿದರು. ಆಳ ಹೆಚ್ಚಿದಂತೆ ಅದಿರಿನ ಸತ್ತ್ವ ಕುಗ್ಗಿತು, ತೆಗೆಯುವ ವೆಚ್ಚ ಏರಿತು. ಒಂದು ಟನ್ನು ಕಲ್ಲನ್ನು ಮೇಲೆ ತರಲು ತಗಲುವ ಹಣಕ್ಕೂ ಅದರಿಂದ ದೊರೆಯುವ ಚಿನ್ನದ ಬೆಲೆಗೂ ಹೊಂದಿಕೆ ತಪ್ಪಿ, ನಷ್ಟವು ವರ್ಷದಿಂದ ವರ್ಷಕ್ಕೆ ಬೆಳೆದು, ೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. ಚಿನ್ನಕ್ಕೇ ಹೀಗೊಂದು ಎಲ್ಲೆ ಇರುವಾಗ, ಟೊಮ್ಯಾಟೋ ಬೆಳೆಗೂ ಹಿಪ್ಪುನೇರಳೆ ತೋಟಕ್ಕೂ ಬೇಕಾದ ನೀರಿಗೆ ಎಲ್ಲೆ ಇಲ್ಲವೆಂದು ಭಾವಿಸಿ ಸಾಲ ಮಾಡುವುದು ಹೇಗೆ ಸರಿಯಾದೀತು? ಗಣಿಯವರಿಗೆ ಲೆಕ್ಕದ ಪುಸ್ತಕವಾದರೂ ಇತ್ತು. ನಮ್ಮ ರೈತರಲ್ಲಿ ಬಹುಮಂದಿ ಬೋರಿನ ಲೆಕ್ಕವನ್ನು ಬರೆದಿಡುವುದೇ ಇಲ್ಲ.

ಆ ಲೆಕ್ಕವನ್ನು ಇಲ್ಲಿ ಒಮ್ಮೆ ಹಾಕಿ ನೋಡೋಣ. ಬೋರು ಕೊರೆಯುವ ಗಾಡಿಯವರು ಅಡಿಗೆ ಇಷ್ಟೆಂದು ಕೂಲಿ ಕಟ್ಟುತ್ತಾರೆ. ಆಳ ಹೆಚ್ಚಿದಂತೆ ಅಡಿಯ ದರವೂ ಹೆಚ್ಚುತ್ತದೆ. ನೀರು ಬಂದರೂ ಬಾರದಿದ್ದರೂ ಹಣ ಕೊಡಬೇಕಾದದ್ದೇ. ನೀರು ಬಂದಲ್ಲಿ ಕೇಸಿಂಗ್ ಪೈಪು, ಮೋಟಾರು, ಕೇಬಲ್ಲು, ವಿದ್ಯುತ್ ಸಂಪರ್ಕ ಇವುಗಳ ವೆಚ್ಚ ಬೇರೆ. ಈ ಎಲ್ಲಕ್ಕೂ ಒಬ್ಬ ರೈತನು ಎರಡು ಲಕ್ಷ ರೂಪಾಯಿಗಳನ್ನು ಕೈಸಾಲವಾಗಿ ತಂದನೆಂದು ಇಟ್ಟುಕೊಳ್ಳೋಣ. ಹಳ್ಳಿಗಳಲ್ಲಿ 'ಮೂರು ರೂಪಾಯಿ ಬಡ್ಡಿ' ಎಂದು ಹಗುರವಾಗಿ ಆಡುವ ಮಾತಿನ ಅರ್ಥ, ನೂರಕ್ಕೆ ತಿಂಗಳಿಗೆ ಮೂರು, ಎಂದರೆ ವರ್ಷಕ್ಕೆ ಮೂವತ್ತಾರು. ಎರಡು ಲಕ್ಷಕ್ಕೆ ತಿಂಗಳೊಂದಕ್ಕೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಅಸಲಿನಲ್ಲಿ ಒಂದು ಕಾಸೂ ತೀರದೆ ಮೂರು ವರ್ಷಗಳಲ್ಲಿ ಕೊಟ್ಟ ಬಡ್ಡಿಯೇ ೨,೧೬,೦೦೦ ರೂಪಾಯಿಗಳಾಗಿ ಅಸಲನ್ನು ಮೀರುತ್ತದೆ. ಆ ಮನೆಯ ಎರಡು ಸೀಮೆಹಸುಗಳು ಮೇವು ಹಿಂಡಿಗಳ ಖರ್ಚು ಕಳೆದು ತಿಂಗಳಿಗೆ ಆರು ಸಾವಿರ ಉಳಿಸುತ್ತವೆಯೆಂದರೆ, ಹಸುಗಳು ಕಟ್ಟಿರುವುದು ನಮ್ಮ ಕೊಟ್ಟಿಗೆಯಲ್ಲಿ, ಹಾಲು ಕರೆಯುವುದು ಸಾಲ ಕೊಟ್ಟವನಿಗೆ. ಹಸು ಬತ್ತಿದ ತಿಂಗಳಲ್ಲಿ ಬಡ್ಡಿ ಬತ್ತುವುದಿಲ್ಲ. ಆಗ ಮನೆಯ ಹೆಂಗಸರ ಕೊರಳಿನ ಒಡವೆ ಗಿರವಿಗೆ ಹೋಗುತ್ತದೆ. ಚಿನ್ನದ ಗಣಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದವರಿಗೆ ಈ ಗತಿ ಬಾರದಿರಲಿ.

ಮಂಡಿಯವರ ಮುಂಗಡವೂ ಒಂದು ಬಗೆಯ ಸಾಲವೇ. ಬಡ್ಡಿಯ ಮಾತು ಅಲ್ಲಿ ಬಾರದಿರಬಹುದು. ಆದರೆ ಬೆಳೆದ ಟೊಮ್ಯಾಟೋ ಅದೇ ಮಂಡಿಗೆ ಹೋಗಬೇಕೆಂಬ ಕಟ್ಟು ಇರುವುದರಿಂದ, ಬೇರೆಡೆ ಒಳ್ಳೆಯ ಧಾರಣೆ ಇದ್ದರೂ ರೈತನು ಅತ್ತ ತಿರುಗಲಾರನು. ಇನ್ನು ಕೆಲವರು ಕಡಮೆ ಬಡ್ಡಿಯ ಬೆಳೆಸಾಲವನ್ನು ಸಹಕಾರ ಸಂಘದಿಂದ ಪಡೆದು ಅದನ್ನು ಬೋರಿಗೆ ಸುರಿಯುತ್ತಾರೆ. ಬೆಳೆಸಾಲವು ಒಂದು ಬೆಳೆಯ ಅವಧಿಯಲ್ಲಿ ತೀರಬೇಕಾದದ್ದು. ಬೋರು ಅಷ್ಟರಲ್ಲಿ ತನ್ನ ಅಸಲನ್ನು ಹಿಂದಿರುಗಿಸಲಾರದು. ಕಂತು ತಪ್ಪಿದೊಡನೆ ಬಡ್ಡಿಯ ರಿಯಾಯಿತಿ ಹೋಗುತ್ತದೆ, ಮುಂದಿನ ವರ್ಷದ ಬೀಜ ಗೊಬ್ಬರಗಳಿಗೆ ಮತ್ತೆ ಕೈಸಾಲವೇ ಗತಿಯಾಗುತ್ತದೆ. ಬೆಳಗಿನ ರೈಲನ್ನು ಹಿಡಿದು ಬಂಗಾರಪೇಟೆಯಿಂದಲೋ ಮಾರಿಕುಪ್ಪದಿಂದಲೋ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಮಕ್ಕಳ ಸಂಬಳವು ಅನೇಕ ಮನೆಗಳಲ್ಲಿ ಈ ತೂತನ್ನು ಮುಚ್ಚುವುದಕ್ಕೇ ವೆಚ್ಚವಾಗುತ್ತಿದೆ.

ಸಾಲ ಬೆಳೆಯುವ ನಿಜವಾದ ಘಳಿಗೆ ಯಾವುದೆಂದರೆ, ಗಾಡಿ ಹೊಲದಲ್ಲಿ ನಿಂತು ಬರಿಯ ಬಿಳಿಯ ದೂಳನ್ನು ಉಗುಳುತ್ತಿರುವ ಸಮಯ. ಎಂಟುನೂರು ಅಡಿಗೆ ಬಂದಾಗ ಏಜೆಂಟನು 'ಇನ್ನೈವತ್ತು ಅಡಿ ನೋಡೋಣ, ಯಜಮಾನರೇ' ಎನ್ನುತ್ತಾನೆ. ಸುತ್ತ ನಿಂತ ನೆರೆಹೊರೆಯವರೂ ಅದನ್ನೇ ಹೇಳುತ್ತಾರೆ. ಪಾಯಿಂಟು ನೋಡಿದವನು ತೆಂಗಿನಕಾಯಿ ಎದ್ದು ನಿಂತ ಜಾಗ ಸುಳ್ಳಾಗದೆಂದು ಧೈರ್ಯ ಕೊಡುತ್ತಾನೆ. ಅವನಿಗೆ ಕೊಡುವುದನ್ನು ಆಗಲೇ ಕೊಟ್ಟಾಗಿರುತ್ತದೆ. ಇಲ್ಲಿಯವರೆಗೆ ಹಾಕಿದ ಹಣ ವ್ಯರ್ಥವಾದೀತೆಂಬ ಭಯದಿಂದ ರೈತನು ಒಪ್ಪುತ್ತಾನೆ. ಹಾಕಿದ ಹಣವು ಮುಂದಿನ ಐವತ್ತು ಅಡಿಯಲ್ಲಿ ನೀರನ್ನು ತಂದುಕೊಡಲಾರದೆಂಬುದು ಆಗ ಹೊಳೆಯುವುದಿಲ್ಲ. ಆದುದರಿಂದ ಗಾಡಿ ಬರುವ ಹಿಂದಿನ ದಿನವೇ, ಮನೆಯ ಹೆಂಗಸರನ್ನೂ ದುಡಿಯುವ ಮಕ್ಕಳನ್ನೂ ಕೂರಿಸಿಕೊಂಡು, ಇಷ್ಟು ಅಡಿ, ಇಷ್ಟು ರೂಪಾಯಿ, ಇದರ ಮೇಲೆ ಇಲ್ಲವೆಂದು ಕಾಗದದಲ್ಲಿ ಬರೆದು, ಆ ಕಾಗದವನ್ನು ಮನೆಯಾಕೆಯ ವಶದಲ್ಲಿ ಇಡತಕ್ಕದ್ದು. ಗಾಡಿಯ ಸದ್ದಿನ ನಡುವೆ ನಿಂತು ಯೋಚಿಸುವವನಿಗಿಂತ ಹಿಂದಿನ ರಾತ್ರಿ ದೀಪದ ಕೆಳಗೆ ಕುಳಿತು ಯೋಚಿಸಿದವನ ಬುದ್ಧಿ ಹೆಚ್ಚು ನೆಟ್ಟಗಿರುತ್ತದೆ.

ಎರಡನೆಯ ಬೋರಿನ ವಿಷಯದಲ್ಲಿ ಇನ್ನೊಂದು ಮಾತು. ಈ ಭಾಗದ ನೆಲದಡಿಯಲ್ಲಿರುವುದು ಗಟ್ಟಿ ಬಂಡೆ. ಮರಳುನೆಲದಲ್ಲಿರುವಂತೆ ನೀರು ಎಲ್ಲೆಡೆಯೂ ಹರಡಿಕೊಂಡಿರದೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಹಳೆಯ ಬೋರಿನ ಪಕ್ಕದಲ್ಲಿ ಇನ್ನೂ ಆಳವಾಗಿ ಕೊರೆಯಿಸಿದರೆ ಹಲವು ವೇಳೆ ಅದೇ ಬಿರುಕಿನ ನೀರು ಹಂಚಿಹೋಗುವುದೇ ಹೊರತು ಹೊಸ ನೀರು ಹುಟ್ಟುವುದಿಲ್ಲ. ಅಣ್ಣನ ಬೋರು ತಮ್ಮನ ಬೋರನ್ನು ಬತ್ತಿಸಿ, ಪಾಲುಪಟ್ಟಿಯಾದ ಮನೆಗಳಲ್ಲಿ ವ್ಯಾಜ್ಯಕ್ಕೆ ಕಾರಣವಾದ ನಿದರ್ಶನಗಳನ್ನು ತಾವೇ ನ್ಯಾಯ ಹೇಳಲು ಕೂತಾಗ ಕಂಡಿರಬಹುದು. ೨೦೧೧ರ ಕರ್ನಾಟಕ ಅಂತರ್ಜಲ ಅಧಿನಿಯಮದ ಮೇರೆಗೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರು ಕೊರೆಯಿಸಲು ಮೊದಲೇ ಅನುಮತಿಯನ್ನು ಪಡೆಯಬೇಕೆಂಬುದನ್ನೂ ಗಾಡಿ ಕರೆಯುವವರಿಗೆ ತಿಳಿಸತಕ್ಕದ್ದು.

ಸಾಲದ ಮಾತು ಇಷ್ಟಿರಲಿ. ನೀರು ಬಂದೇ ಬಂತು ಎನ್ನೋಣ. ಆ ನೀರನ್ನು ಹೊಲಕ್ಕೆ ಬಿಟ್ಟು, ಅದರಲ್ಲಿಯೇ ಎರಡು ಕೊಡವನ್ನು ಅಡಿಗೆಮನೆಗೂ ತರುವುದು ರೂಢಿ. ಕಣ್ಣಿಗೆ ತಿಳಿ, ನಾಲಗೆಗೆ ತಂಪು. ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ಗ್ರಾನೈಟು ಜಾತಿಯ ಬಂಡೆಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡು ಎಂಬ ಲವಣವು ನೀರಿಗೆ ಇಳಿಯುತ್ತದೆ. ನೀರು ಬಂಡೆಯ ಸಂಗಡ ಎಷ್ಟು ದೀರ್ಘಕಾಲ ನಿಂತಿರುವುದೋ ಸಾಮಾನ್ಯವಾಗಿ ಅಷ್ಟು ಹೆಚ್ಚಾಗಿ ಇದು ಕರಗುತ್ತದೆ. ಆಳದ ಬಿರುಕುಗಳಲ್ಲಿರುವುದು ಬಹುಕಾಲ ನಿಂತ ನೀರು. ಕೋಲಾರ ಜಿಲ್ಲೆಯ ಅನೇಕ ಗ್ರಾಮಗಳ ಬೋರಿನ ನೀರಿನಲ್ಲಿ ಈ ಲವಣವು ಮಿತಿ ಮೀರಿ ಕಂಡುಬಂದಿದೆ. ಲೀಟರು ನೀರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಲೇಸು. ಬೇರೆ ನೀರು ಇಲ್ಲದ ಕಡೆ ಒಂದೂವರೆಯವರೆಗೆ ಸೈರಿಸಬಹುದೆಂದು ನಮ್ಮ ದೇಶದ ಮಾನಕ ಸಂಸ್ಥೆಯು ಗೊತ್ತುಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಎಲ್ಲೆಯೂ ಒಂದೂವರೆಯೇ.

ಈ ವ್ಯಾಧಿಯು ಭರತಖಂಡದಲ್ಲಿ ಮೊದಲು ವರದಿಯಾದದ್ದು ೧೯೩೭ರಲ್ಲಿ, ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಿಂದ. ಮನುಷ್ಯರಂತೆ ದನಗಳಿಗೂ ಇದು ತಗಲುವುದುಂಟು. ಎಂಟು ವರ್ಷದೊಳಗಿನ ಮಕ್ಕಳು ಇಂತಹ ನೀರನ್ನು ಕುಡಿದರೆ ಮುಂದೆ ಹುಟ್ಟುವ ಹಲ್ಲಿನಲ್ಲಿ ಸುಣ್ಣದಂತಹ ಬಿಳಿ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗವು. ಹಲ್ಲುಜ್ಜಲಿಲ್ಲವೆಂದು ಮಗುವನ್ನು ಗದರಿಸುವುದು ಅನ್ಯಾಯ. ಹಲವು ವರ್ಷ ಕುಡಿದ ದೊಡ್ಡವರಲ್ಲಿ ಕತ್ತು ತಿರುಗದು, ಸೊಂಟ ಬಗ್ಗದು, ಕುಕ್ಕುರು ಕೂತವರು ಏಳಲಾರರು. ಮೂಳೆಗೆ ಒಮ್ಮೆ ಹಿಡಿದ ಮೇಲೆ ಅದನ್ನು ಬಿಡಿಸುವ ಔಷಧಿಯಿಲ್ಲ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ಕೀಲುನೋವೆಲ್ಲವೂ ಇದರಿಂದಲೇ ಎಂದು ಹೇಳಲಾಗದು. ಆದರೆ ನೀರನ್ನು ಪರೀಕ್ಷಿಸದೆ ವರ್ಷಗಟ್ಟಲೆ ನೋವಿನ ಮಾತ್ರೆಗೆ ಹಣ ಸುರಿಯುವುದು ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರಸಿದ ಹಾಗೆ.

ಕಾಯಿಸಿದರೆ ನೀರು ಶುದ್ಧವಾಗುವುದೆಂಬ ತಿಳಿವಳಿಕೆ ಒಳ್ಳೆಯದೇ. ಕ್ರಿಮಿಗಳ ಮಟ್ಟಿಗೆ ಅದು ಸತ್ಯ. ಫ್ಲೋರೈಡಿನ ಮಟ್ಟಿಗೆ ಅದು ಸುಳ್ಳು. ಕುದಿಯುವಾಗ ನೀರು ಆವಿಯಾಗಿ ಹೋಗುವುದು, ಲವಣವು ಪಾತ್ರೆಯಲ್ಲಿಯೇ ಉಳಿಯುವುದು. ಆದ್ದರಿಂದ ಉಳಿದ ನೀರಿನಲ್ಲಿ ಅದರ ಅಂಶ ಮೊದಲಿಗಿಂತ ಹೆಚ್ಚಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ತಾಮ್ರದ ಹಂಡೆಯಲ್ಲಿ ಇಟ್ಟರೂ ಪ್ರಯೋಜನವಿಲ್ಲ. ಕುಡಿಯಲು ಮಾತ್ರ ಒಳ್ಳೆಯ ನೀರನ್ನು ತಂದು ಅಡಿಗೆಗೆ ಬೋರಿನ ನೀರನ್ನೇ ಬಳಸುವವರು ಬಹಳ. ಮುದ್ದೆಗೆ ಎಸರಿಟ್ಟ ನೀರೆಲ್ಲವೂ ಮುದ್ದೆಯಲ್ಲಿಯೇ ಇರುವುದಲ್ಲವೆ? ಅನ್ನ ಸಾರುಗಳೂ ಹಾಗೆಯೇ. ಸ್ನಾನಕ್ಕೆ, ಬಟ್ಟೆ ಪಾತ್ರೆಗಳಿಗೆ ಬೋರಿನ ನೀರು ಸಾಕು. ಬಾಯೊಳಕ್ಕೆ ಹೋಗುವುದಕ್ಕೆಲ್ಲ ಬೇರೆ ನೀರು ಬೇಕು.

ಹಾಗಾದರೆ ಆ ನೀರು ಎಲ್ಲಿಂದ? ಆಕಾಶದಿಂದ. ಲೆಕ್ಕ ಸುಲಭವಾಗಿದೆ. ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಮೂವತ್ತು ಚದರ ಮೀಟರಿನ ಸಾಧಾರಣ ಮಾಡಿನ ಮೇಲೆ ೭೦೦ ಮಿಲಿಮೀಟರು ಮಳೆಗೆ ೨೧,೦೦೦ ಲೀಟರು. ಸೋರಿದ್ದು, ಬಿಟ್ಟದ್ದು ಎಂದು ಐದರಲ್ಲೊಂದು ಪಾಲನ್ನು ಕಳೆದರೂ ೧೬,೮೦೦ ಲೀಟರು. ಐದು ಜನರ ಸಂಸಾರಕ್ಕೆ ಕುಡಿಯಲೂ ಅಡಿಗೆಗೂ ದಿನಕ್ಕೆ ಇಪ್ಪತ್ತೈದು ಲೀಟರು ಬೇಕಾದೀತು. ಮಳೆ ಅಪರೂಪವಾದ ಡಿಸೆಂಬರಿನಿಂದ ಮೇ ತಿಂಗಳವರೆಗಿನ ೧೮೨ ದಿನಗಳಿಗೆ ೪,೫೫೦ ಲೀಟರು. ಎಂದರೆ ಐದು ಸಾವಿರ ಲೀಟರು ಹಿಡಿಯುವ ಒಂದು ತೊಟ್ಟಿಯನ್ನು ಚಿತ್ತೆ ಮಳೆ ಮುಗಿಯುವುದರೊಳಗೆ ತುಂಬಿಸಿ ಮುಚ್ಚಿಟ್ಟರೆ ಬೇಸಗೆಯನ್ನು ದಾಟಬಹುದು. ಬತ್ತಿದ ಒಂದು ಬೋರಿಗೆ ಕೊಟ್ಟ ಹಣದಲ್ಲಿ ಇಂತಹ ತೊಟ್ಟಿಗಳನ್ನು ಹಲವು ಮನೆಗಳಿಗೆ ಮಾಡಿಸಬಹುದಾಗಿತ್ತು.

ತೊಟ್ಟಿಯ ಕೆಲಸದಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಮಳೆಗಾಲಕ್ಕೆ ಮುಂಚೆ ಮಾಡನ್ನು ಗುಡಿಸಿ ತೊಳೆಯಬೇಕು. ಮೊದಲ ಮಳೆಗಳನ್ನೂ, ಆಮೇಲೆ ಪ್ರತಿ ಮಳೆಯ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನೂ ಹೊರಗೆ ಬಿಡಬೇಕು. ಜಲ್ಲಿ, ಮರಳು, ಇದ್ದಲುಗಳ ಸೋಸುತೊಟ್ಟಿಯ ಮೂಲಕ ಒಳಗೆ ಹಾಯಿಸಬೇಕು. ಬಾಯಿಗೂ ಹೊರಗಂಡಿಗೂ ಸಣ್ಣ ಕಣ್ಣಿನ ಜಾಲರಿ ಇಲ್ಲದಿದ್ದರೆ ಡೆಂಗೆ ಜ್ವರದ ಸೊಳ್ಳೆಯನ್ನು ನಾವೇ ಸಾಕಿದಂತಾಗುತ್ತದೆ. ಈ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲವಾದರೂ ಹಕ್ಕಿಯ ಹಿಕ್ಕೆ ಮುಂತಾದವುಗಳಿಂದ ಕ್ರಿಮಿಗಳು ಬರುವ ಸಂಭವವುಂಟು. ಆದ್ದರಿಂದ ಕುಡಿಯುವುದಕ್ಕೆ ಮೊದಲು ಕುದಿಸಿ ಆರಿಸತಕ್ಕದ್ದು. ತಾರಸಿ, ಹೆಂಚು, ಸತುವಿನ ತಗಡು ಇವು ಯೋಗ್ಯವಾದ ಮಾಡುಗಳು. ಹಳೆಯ ಕಲ್ನಾರು ಶೀಟಿನ ಮಾಡಿನಿಂದ ಕುಡಿಯುವ ನೀರನ್ನು ಹಿಡಿಯದಿರುವುದು ಮೇಲು.

ಕೆ.ಜಿ.ಎಫ್. ಊರಿನವರಿಗೂ ಅದರ ಅಂಚಿನ ಹಳ್ಳಿಗಳವರಿಗೂ ಪ್ರತ್ಯೇಕವಾಗಿ ಹೇಳಬೇಕಾದದ್ದೊಂದುಂಟು. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಸೈನೈಡಿನಿಂದ ಚಿನ್ನವನ್ನು ಬಿಡಿಸಿಕೊಂಡ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮಿಕ್ಕ ಹುಡಿಯು ದಿಬ್ಬಗಳಾಗಿ ನಿಂತಿದೆ. ಗಾಳಿಯ ತಿಂಗಳುಗಳಲ್ಲಿ ಆ ನುಣುಪು ದೂಳು ಮನೆಗಳ ಮೇಲೆ ಬಂದು ಕೂರುತ್ತದೆ. ದಿಬ್ಬಗಳ ಸಮೀಪದ ಮಾಡಿನ ನೀರನ್ನು ಕುಡಿಯಲು ಹಿಡಿಯಕೂಡದು. ಅವುಗಳ ಬುಡದ ಬಾವಿ ಕುಂಟೆಗಳ ನೀರನ್ನು ದನಗಳಿಗೂ ಕುಡಿಸಕೂಡದು. ಅಲ್ಲಿಯವರಿಗೆ ನಲ್ಲಿಯ ನೀರು ಅಥವಾ ಪರೀಕ್ಷಿಸಿದ ಶುದ್ಧ ನೀರಿನ ಘಟಕವೇ ಮಾರ್ಗ. ಗಾಳಿ ಏಳುವ ಹೊತ್ತಿನಲ್ಲಿ ಮಕ್ಕಳು ಆ ದಿಬ್ಬಗಳ ಮೇಲೆ ಆಡದಂತೆಯೂ ನೋಡಿಕೊಳ್ಳಬೇಕು.

ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಈಗ ಬಹಳ ಊರುಗಳಲ್ಲಿವೆ. ಒಳ್ಳೆಯ ಸೌಕರ್ಯ. ಆದರೆ ಒಳಗಿನ ಸೋಸುಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಯಂತ್ರವು ಸದ್ದು ಮಾಡುತ್ತಲೇ ಇದ್ದು ಹಳೆಯ ನೀರನ್ನೇ ಕೊಡುತ್ತದೆ. ಆದಕಾರಣ ಬೋರಿನ ನೀರನ್ನಲ್ಲದೆ ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷೆಗೆ ಕಳುಹಿಸತಕ್ಕದ್ದು. ಗ್ರಾಮ ಪಂಚಾಯಿತಿಗೆ ಒದಗಿಸಿರುವ ಪರೀಕ್ಷಾ ಪೆಟ್ಟಿಗೆಯಿಂದ ಸ್ಥೂಲವಾಗಿ ತಿಳಿಯಬಹುದು. ಸಂದೇಹವಿದ್ದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆಯಾಗಬೇಕು. ಮಿತಿ ಮೀರಿದ ಬೋರಿಗೂ ಕೊಳಾಯಿಗೂ ಕೆಂಪು ಬಣ್ಣ ಬಳಿಸಿ, ಕುಡಿಯಕೂಡದೆಂದು ಕನ್ನಡದಲ್ಲಿಯೂ, ತೆಲುಗು ತಮಿಳು ಬಲ್ಲವರಿರುವ ಕಡೆ ಆ ಭಾಷೆಗಳಲ್ಲಿಯೂ ಬರೆಯಿಸುವ ಹೊಣೆಯನ್ನು ಊರಿನ ಹಿರಿಯರು ವಹಿಸಿದರೆ ಬಹಳ ಉಪಕಾರವಾದೀತು.

ಆಹಾರದಿಂದಲೂ ಕೊಂಚ ರಕ್ಷಣೆಯುಂಟು. ಸುಣ್ಣದ ಸತ್ತ್ವ ಸಾಕಷ್ಟಿರುವ ದೇಹದಲ್ಲಿ ಫ್ಲೋರೈಡಿನ ಹಾನಿ ಕಡಮೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಸತ್ತ್ವವಿದ್ದರೆ ಪಾಲಿಷ್ ಅಕ್ಕಿಯಲ್ಲಿ ಹತ್ತರಷ್ಟಿರುವುದೂ ಕಷ್ಟ. ಮುದ್ದೆ ತಿನ್ನುವುದು ಹಳ್ಳಿಗಾಡಿನವರ ಲಕ್ಷಣವೆಂದು ನಾಚುವ ಹುಡುಗರಿಗೆ ಇದನ್ನು ಹೇಳಬೇಕು. ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಇವು ಖರ್ಚಿಲ್ಲದೆ ಸಿಗುವಂಥವು. ಹಾಲಿನ ವಿಷಯವೇ ಬೇಸರದ್ದು. ಕರೆದದ್ದನ್ನೆಲ್ಲ ಡೇರಿಗೆ ಅಳೆದು, ಮನೆಯ ಮಕ್ಕಳಿಗೆ ಕಡುಚಹಾ ಕೊಡುವ ಮನೆಗಳುಂಟು. ಚಹಾದ ಎಲೆಯಲ್ಲಿಯೂ ಫ್ಲೋರೈಡಿದೆ. ದಿನಕ್ಕೊಂದು ಲೀಟರು ಹಾಲನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು ನಷ್ಟವಲ್ಲ, ವೈದ್ಯನಿಗೆ ಕೊಡಬೇಕಾದದ್ದರಲ್ಲಿ ಉಳಿತಾಯ.

ಊರಿನ ಸಾಮೂಹಿಕ ನೀರಿನ ಸ್ಥಿತಿ ಈಚೆಗೆ ಸುಧಾರಿಸಿರುವುದು ನಿಜ. ೨೦೧೮ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿದು, ಸುತ್ತಲಿನ ಬೋರುಗಳಲ್ಲಿ ಮಟ್ಟವು ಏರಿದೆ. ಅದು ನೆಲಕ್ಕೆ ಇಂಗಲೆಂದು ಬಿಟ್ಟ ಚರಂಡಿಯ ನೀರು; ಕೆರೆಯಲ್ಲಿ ತಿಳಿಯಾಗಿ ಕಂಡರೂ ಅದನ್ನು ಕುಡಿಯುವುದಾಗಲಿ, ಪಾತ್ರೆ ತೊಳೆಯುವುದಾಗಲಿ ಸಲ್ಲದು, ಮತ್ತು ಅಂತಹ ಕೆರೆಯ ಬದಿಯ ಬೋರಿನ ನೀರನ್ನು ಪರೀಕ್ಷಿಸದೆ ಬಳಸಕೂಡದು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ ದಾರಿಯ ಹಳ್ಳಿಗಳಿಗೂ ಕುಡಿಯುವ ನೀರಿಗಾಗಿ ಮಾರ್ಕಂಡೇಯ ನದಿಗೆ ಯರಗೋಳಿನ ಬಳಿ ಕಟ್ಟಿದ ಅಣೆಕಟ್ಟು ೨೦೨೩ರಲ್ಲಿ ಲೋಕಾರ್ಪಣೆಯಾಯಿತು. ಮಟ್ಟ ಏರಿತೆಂದು ಹಿಗ್ಗಿ ಹೊಸ ಬೋರುಗಳಿಗೆ ಹೊಸ ಸಾಲ ಮಾಡಿದರೆ ಏರಿದ್ದು ಇಳಿಯಲು ಹೆಚ್ಚು ಕಾಲ ಬೇಕಾಗದು. ಅದಕ್ಕಿಂತ ಇರುವ ಬೋರಿನ ಸುತ್ತ ಜಲ್ಲಿ ಮರಳಿನ ಇಂಗುಗುಂಡಿಯನ್ನು ಮಾಡಿಸುವುದು, ಹನಿ ನೀರಾವರಿಗೆ ತಿರುಗುವುದು, ಹೊಲದಲ್ಲೊಂದು ಕೃಷಿಹೊಂಡವನ್ನು ತೆಗೆಯುವುದು ಕಡಮೆ ಹಣದಲ್ಲಿ ಆಗುವ ಕೆಲಸಗಳು. ಕೊಟ್ಟಿಗೆಯ ಅಥವಾ ಬಚ್ಚಲ ನೀರನ್ನು ಮಾತ್ರ ಇಂಗುಗುಂಡಿಗೆ ಬಿಡಬಾರದು.

ಈಗಾಗಲೇ ಕೈಸಾಲದಲ್ಲಿ ಸಿಕ್ಕಿರುವವರು ಮೊದಲು ಎಲ್ಲ ಸಾಲಗಳನ್ನೂ ಬಡ್ಡಿಯ ದರದ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಂಡು, ಅತಿ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸತಕ್ಕದ್ದು. ಸಣ್ಣ ಸಾಲವೊಂದು ಮುಗಿಯಿತೆಂಬ ಸಮಾಧಾನಕ್ಕಾಗಿ ದೊಡ್ಡ ಬಡ್ಡಿಯದನ್ನು ಬೆಳೆಯಬಿಡಬಾರದು. ಕೊಟ್ಟ ಪ್ರತಿ ಕಂತಿಗೂ ರಸೀದಿ ಕೇಳಿ ಪಡೆಯಬೇಕು, ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ರುಜು ಹಾಕಕೂಡದು. ಬಲಾತ್ಕಾರದ ವಸೂಲಿಯನ್ನು ತಡೆಯಲು ೨೦೨೫ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಿತು. ಮನೆ ಬಾಗಿಲಿಗೆ ಬಂದು ಹೆದರಿಸುವವರ ವಿಷಯದಲ್ಲಿ ಸುಮ್ಮನಿರದೆ ಪೊಲೀಸು ಠಾಣೆಗೆ ದೂರು ಕೊಡಿಸುವುದು ಊರಿನ ಮುಖಂಡರ ಕರ್ತವ್ಯವಾಗಿದೆ.

ಕೊನೆಯದಾಗಿ, ನೀರು ಬಾರದೆ ಬಿಟ್ಟ ಬೋರುಗಳ ಮಾತು. ಕೇಸಿಂಗ್ ಪೈಪನ್ನು ಕಿತ್ತುಕೊಂಡು, ಬಾಯಿಗೆ ಒಂದು ಗೋಣಿಯನ್ನೋ ಚಪ್ಪಡಿ ಕಲ್ಲನ್ನೋ ಹಾಕಿ ಹೋಗುವ ಪದ್ಧತಿಯಿಂದ ದೇಶದ ನಾನಾ ಕಡೆಗಳಲ್ಲಿ ಚಿಕ್ಕ ಮಕ್ಕಳು ಅದರೊಳಗೆ ಬಿದ್ದು ಪ್ರಾಣ ಬಿಟ್ಟಿದ್ದಾರೆ. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕೆಂದು ಸುಪ್ರೀಂ ಕೋರ್ಟು ೨೦೧೦ರಲ್ಲಿಯೇ ನಿರ್ದೇಶಿಸಿದೆ. ತಮ್ಮ ಗ್ರಾಮದ ಎಲ್ಲೆಯೊಳಗೆ ಇಂತಹ ಬಾಯಿಗಳು ಎಷ್ಟಿವೆಯೆಂಬುದನ್ನು ಸರ್ವೆ ನಂಬರುವಾರಾಗಿ ಪಟ್ಟಿ ಮಾಡಿಸಿ, ಬರುವ ಮಳೆಗಾಲಕ್ಕೆ ಮುಂಚಿತವಾಗಿ ಒಂದೊಂದನ್ನೂ ತುಂಬಿಸಿ, ಪಟ್ಟಿಯ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಿಸತಕ್ಕದ್ದು.